ಜಾಲಿಗೆ ಮುಳ್ಳು ಬಂದ ಬಗೆ, ಬುಡಕ್ಕೆ ಹಸಿರು ಬಂದ ಬಗೆ

ಭೂಮಿಯ ಮೈಮೇಲಿನ ಹಸಿ ಇನ್ನೂ ಆರಿರಲಿಲ್ಲ. ಎಲ್ಲಿ ಕೂರಬೇಕೆಂದು ಬೆಟ್ಟಗಳು ಆಗಷ್ಟೇ ತೀರ್ಮಾನಿಸಿದ್ದವು. ಯಾವ ಕಡೆಗೆ ಹರಿಯಬೇಕೆಂದು ಹೊಳೆಗಳು ಇನ್ನೂ ಯೋಚಿಸುತ್ತಿದ್ದವು. ಗಾಳಿ, ಹುಲ್ಲು, ಕುರಿ, ಮನುಷ್ಯ, ಎಲ್ಲರದೂ ಆಗ ಒಂದೇ ಭಾಷೆ. ಒಬ್ಬರು ಆಡಿದ್ದು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಕಿವಿಗೊಟ್ಟರೆ ಮಾತ್ರ.

ಆ ಕಾಲದಲ್ಲಿ ಮರಗಳೆಲ್ಲ ಹೊಳೆಯ ದಂಡೆಯಲ್ಲೇ ನಿಂತಿದ್ದವು. ಹೆಗಲಿಗೆ ಹೆಗಲು ತಾಗಿಸಿ, ಒಂದರ ಕಾಲನ್ನು ಇನ್ನೊಂದು ತುಳಿದು, ಅತ್ತಿ, ಮತ್ತಿ, ಹುಣಸೆ, ಹೊಂಗೆ, ಜಾಲಿ ಎಲ್ಲವೂ ನೀರಿನ ಕಡೆಗೇ ಬಾಗಿದ್ದವು. ದೂರದ ಬಯಲಿಗೆ ಒಂದೂ ಬಂದಿರಲಿಲ್ಲ. ಬಯಲಿನಲ್ಲಿ ಇದ್ದದ್ದು ಹುಲ್ಲು ಮಾತ್ರ. ಮಳೆ ಬಂದಾಗ ಹಸಿರು, ಮಳೆ ಹೋದಾಗ ಬಿಳುಪು, ಬೇಸಿಗೆಯಲ್ಲಿ ಬರಿನೆಲ.

ಆ ಬಯಲಿನ ನಡುವೆ ಕುರಿಗಾಹಿಗಳ ಒಂದು ಹಟ್ಟಿಯಿತ್ತು. ಹಟ್ಟಿಯ ಕೊನೆಯ ಗುಡಿಸಲು ಕ್ಯಾತಮ್ಮನದು.

ಕ್ಯಾತಮ್ಮನಿಗೆ ಎರಡು ಹೆಮ್ಮೆಗಳಿದ್ದವು. ಮೊದಲನೆಯದು ಅವಳ ಅಂಗಳ. ಬಂದರಿಕೆ ಗಿಡದ ಕಡ್ಡಿಗಳನ್ನು ಬಿಗಿದು ಕಟ್ಟಿದ ಪೊರಕೆಯೊಂದು ಸದಾ ಅವಳ ಕೈಯಲ್ಲಿರುತ್ತಿತ್ತು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಕುರಿಗಳು ಎದ್ದು ಹೋದ ಮೇಲೆ ಇನ್ನೊಂದು ಸಲ, ಸರಬರ ಸರಬರ ಎಂದು ಅವಳು ಗುಡಿಸುತ್ತಿದ್ದಳು. ಕ್ಯಾತಮ್ಮನ ಅಂಗಳದಲ್ಲಿ ಹಾಲು ಚೆಲ್ಲಿದರೆ ಹಾಗೇ ಬಳಿದು ಕುಡಿಯಬಹುದು ಎಂದು ಹಟ್ಟಿಯವರು ಹೇಳುತ್ತಿದ್ದರು. ಅದು ಸ್ವಲ್ಪ ಹೆಚ್ಚಿನ ಮಾತೆಂದು ಅವಳಿಗೂ ಗೊತ್ತಿತ್ತು. ಆದರೂ ಅವಳು ತಿದ್ದಲಿಲ್ಲ.

ಎರಡನೆಯ ಹೆಮ್ಮೆ ಅವಳ ಮರ.

ಒಂದು ಬಿರುಬೇಸಿಗೆಯಲ್ಲಿ ಅವಳ ಹಿರಿಯ ಕುರಿ ಬೊಟ್ಟಿ ಮೇವು ಹುಡುಕುತ್ತ ಹೊಳೆಯವರೆಗೂ ಹೋಗಿ, ಜಾಲಿಯ ಕಾಯಿಗಳನ್ನು ಹೊಟ್ಟೆತುಂಬ ತಿಂದು ಮರಳಿತ್ತು. ಮುಂದಿನ ಮಳೆಗೆ ಅಂಗಳದ ಅಂಚಿನಲ್ಲಿ, ಬೊಟ್ಟಿ ಮಲಗಿ ಎದ್ದ ಜಾಗದಲ್ಲಿ, ಹಿಕ್ಕೆಯ ನಡುವೆ ಒಂದು ಮೊಳಕೆ ಕಂಡಿತು. ಕ್ಯಾತಮ್ಮ ಅದರ ಸುತ್ತ ಕಲ್ಲು ಪೇರಿಸಿದಳು. ಮೇಕೆಗಳನ್ನು ಅಟ್ಟಿದಳು. ಕುಡಿಯುವ ನೀರಿನಲ್ಲಿ ಒಂದು ಬೊಗಸೆ ಉಳಿಸಿ ಅದಕ್ಕೆ ಹನಿಸಿದಳು. ಮೊಳಕೆ ಗಿಡವಾಯಿತು, ಗಿಡ ಮರವಾಯಿತು. ಆಗ ಜಾಲಿಗೆ ಮುಳ್ಳಿರಲಿಲ್ಲ. ಸಣ್ಣ ಸಣ್ಣ ಎಲೆಗಳು, ಮೂಗುತಿಯಂಥ ಹಳದಿ ಹೂವುಗಳು, ಮಣಿಸರದಂಥ ಕಾಯಿಗಳು, ಇಷ್ಟೇ.

"ಇಡೀ ಬಯಲಿಗೆ ಇರುವುದು ಒಂದು ಮರ. ಅದು ನನ್ನದು," ಎಂದು ಕ್ಯಾತಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಬಾರದವರಿಗೂ ಕೇಳುವಂತೆ ಹೇಳುತ್ತಿದ್ದಳು.

ಮಧ್ಯಾಹ್ನವಾದರೆ ಕುರಿಗಳೆಲ್ಲ ಜಾಲಿಯ ನೆರಳಿಗೆ ಬಂದು ಮಲಗುತ್ತಿದ್ದವು. ಎದ್ದು ಹೋಗುವಾಗ ಹಿಕ್ಕೆ ಬಿಟ್ಟು ಹೋಗುತ್ತಿದ್ದವು. ಮೇಲಿನಿಂದ ಎಲೆ ಉದುರುತ್ತಿತ್ತು, ಹೂವು ಉದುರುತ್ತಿತ್ತು, ಕಾಯಿ ಉದುರುತ್ತಿತ್ತು. ಕ್ಯಾತಮ್ಮನಿಗೆ ಅದನ್ನು ನೋಡಿಕೊಂಡು ಕೂರಲು ಆಗುತ್ತಿರಲಿಲ್ಲ. ಸರಬರ ಸರಬರ ಎಂದು ಎಲ್ಲವನ್ನೂ ಗುಡಿಸಿ, ಬುಟ್ಟಿಗೆ ತುಂಬಿ, ದೂರದ ಕೊರಕಲಿಗೆ ಸುರಿದು ಬರುತ್ತಿದ್ದಳು. ಮರದ ಬುಡ ಕಣದ ನೆಲದಂತೆ ಗಟ್ಟಿಯಾಗಿ, ನುಣುಪಾಗಿ ಹೊಳೆಯುತ್ತಿತ್ತು.

ಎಷ್ಟು ನುಣುಪೆಂದರೆ, ಮಳೆ ಬಂದರೂ ನೀರು ಅಲ್ಲಿ ನಿಲ್ಲದೆ ಜಾರಿ ಹೋಗುತ್ತಿತ್ತು. ಮೊದಲು ಅಲ್ಲಿದ್ದ ಗರಿಕೆ ಸೊರಗಿತು, ಹಳದಿಯಾಯಿತು, ಕಾಣದಾಯಿತು. ಮರದ ಕೆಳಗೆ ತೇಪೆ ಹಾಕಿದಂತೆ ಒಂದು ಬೋಳು ಉಳಿಯಿತು.

ಅದನ್ನು ಮೊದಲು ಕಂಡವಳು ಪಕ್ಕದ ಗುಡಿಸಲಿನ ಓಬಕ್ಕ.

"ಅಲ್ಲ ಕಣೆ ಕ್ಯಾತಮ್ಮ, ಹುಲ್ಲು ತಿಂದು ಹಾಲು ಕೊಡದ ಪ್ರಾಣಿಯನ್ನು ಯಾರಾದರೂ ಹಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೇನೆ? ನಿನ್ನ ಮರ ಬುಡದ ಹುಲ್ಲನ್ನೆಲ್ಲ ನುಂಗಿ ನೀರು ಕುಡಿದಿದೆ ನೋಡು."

"ಉಂಡು ಕೆಲಸ ಮಾಡದವನನ್ನು ನೀನು ಇಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡಿಲ್ಲವೇ? ನನ್ನ ಮರವೂ ಇರಲಿ ಬಿಡು," ಎಂದಳು ಕ್ಯಾತಮ್ಮ.

ಓಬಕ್ಕ ನಕ್ಕಳು, ಗುಡಿಸಲಿನ ಒಳಗಿದ್ದ ಅವಳ ಗಂಡ ಕೆಮ್ಮಿದ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಅದು ಹಟ್ಟಿಯ ಹಿರಿಯ ಸಿರಿಯಣ್ಣನ ಕಿವಿಗೂ ಬಿದ್ದಿತು.

ಸಿರಿಯಣ್ಣ ಬಂದು ಅಂಗಳದ ಅಂಚಿನಲ್ಲಿ ಮೆಟ್ಟು ಬಿಟ್ಟ. ಕುರಿ ಮಲಗುವ ನೆಲವನ್ನು ಮೆಟ್ಟು ಹಾಕಿಕೊಂಡು ತುಳಿಯಬಾರದೆಂಬುದು ಆ ಹಟ್ಟಿಯ ಕಟ್ಟಳೆ. ಹಿರಿಯನಾದರೂ ಅಷ್ಟೇ, ಮದುಮಗನಾದರೂ ಅಷ್ಟೇ. ಬರಿಗಾಲಿನಲ್ಲಿ ನಡೆದುಬಂದು ಅವನು ಬೋಳು ನೆಲವನ್ನು ಹೆಬ್ಬೆರಳಿನಿಂದ ಕೆರೆದು ನೋಡಿದ. ಬೆರಳು ಇಳಿಯಲಿಲ್ಲ.

"ಕ್ಯಾತಮ್ಮ, ನಾನು ಮರದ ವೈರಿಯಲ್ಲ," ಎಂದ ಸಿರಿಯಣ್ಣ. "ಈ ಬೇಸಿಗೆಯಲ್ಲಿ ಮಳೆಗಿಂತ ಮುಂಚೆ ಹುಲ್ಲು ಮುಗಿಯಿತು. ಎಷ್ಟು ಮರಿಗಳನ್ನು ಹೂಳಿದೆವೆಂದು ನೀನೂ ಬಲ್ಲೆ. ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ನಾವು. ನಿನ್ನ ಮರದ ಬುಡದಲ್ಲಿ ಹುಲ್ಲು ಸತ್ತಿದೆ. ನಾಳೆ ಇದರ ಬೀಜ ಬಿದ್ದು ಬಯಲೆಲ್ಲ ಮರವಾದರೆ, ನಾವು ಕುರಿಗಳಿಗೆ ಏನು ಹಾಕೋಣ, ನಿನ್ನ ಹೆಮ್ಮೆಯನ್ನೇ?"

ಕ್ಯಾತಮ್ಮ ಬೊಟ್ಟಿಯ ಕಡೆಗೆ ನೋಡಿದಳು. ಅವಳು ಹೂತ ಮರಿಗಳಲ್ಲಿ ಬೊಟ್ಟಿಯ ಮರಿಯೂ ಒಂದಾಗಿತ್ತು.

"ಬರುವ ವರ್ಷದ ಮುಂಗಾರಿನ ಮೊದಲ ಮೋಡದವರೆಗೆ ಸಮಯ ಕೊಡುತ್ತೇನೆ. ಅಷ್ಟರಲ್ಲಿ ಇದರ ಬುಡದಲ್ಲಿ ಹುಲ್ಲು ಕಂಡರೆ ಮರ ಇರಲಿ. ಕಾಣದಿದ್ದರೆ ಕೊಡಲಿ ತರುತ್ತೇನೆ. ನೀನು ಅಡ್ಡ ನಿಲ್ಲಬಾರದು."

"ನಿಲ್ಲುವುದಿಲ್ಲ," ಎಂದಳು ಕ್ಯಾತಮ್ಮ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

ಸಿರಿಯಣ್ಣ ಹೋದ ಮೇಲೆ ಅವಳು ಮರದ ಮುಂದೆ ನಿಂತಳು. "ನಿನ್ನ ಬುಡದಲ್ಲಿ ಹುಲ್ಲು ಏಕೆ ಬದುಕುವುದಿಲ್ಲ? ನಾನು ಏನು ಮಾಡಿದರೆ ಬದುಕೀತು? ಬಾಯಿಬಿಟ್ಟು ಹೇಳು," ಎಂದು ಕೇಳಿದಳು. ಜಾಲಿ ಹೇಳಲು ಬಾಯಿ ತೆರೆಯಿತು. ಅಷ್ಟರಲ್ಲಿ ಎರಡು ಎಲೆ ಉದುರಿದವು. ಕ್ಯಾತಮ್ಮ ಪೊರಕೆ ತೆಗೆದುಕೊಂಡಳು. ಸರಬರ ಸರಬರ. ಆ ಸದ್ದಿನಲ್ಲಿ ಬೇರೆ ಸದ್ದು ಕೇಳಿಸಲಿಲ್ಲ.

ಅವಳಿಗೆ ಒಂದೇ ಉಪಾಯ ತೋಚಿತು: ಕಸದ ಭಾರಕ್ಕೆ ಗರಿಕೆ ಉಸಿರುಗಟ್ಟಿರಬೇಕು, ಇನ್ನಷ್ಟು ಚೊಕ್ಕಟವಾಗಿ ಗುಡಿಸಬೇಕು. ಎರಡು ಸಲ ಗುಡಿಸುತ್ತಿದ್ದವಳು ದಿನವಿಡೀ ಗುಡಿಸತೊಡಗಿದಳು.

ಜಾಲಿ ಗಾಳಿಯನ್ನು ಕರೆಯಿತು. "ನೀನಾದರೂ ಹೇಳಿ ನೋಡು."

ಗಾಳಿ ಕೊರಕಲಿನಿಂದ ಒಣಗಿದೆಲೆಗಳನ್ನು ಹೊತ್ತು ತಂದು ಅಂಗಳದಲ್ಲಿ ಹಾಸಿ, "ಇದು ಇಲ್ಲಿಯದು, ಇದು ಇಲ್ಲಿಯದು," ಎಂದಿತು.

"ಮನೆಹಾಳ ಗಾಳಿ, ಗುಡಿಸಿದ್ದನ್ನೆಲ್ಲ ಮತ್ತೆ ತಂದು ಹಾಕಿದೆಯಲ್ಲ," ಎಂದು ಕ್ಯಾತಮ್ಮ ಪೊರಕೆ ಬೀಸಿದಳು. ಸರಬರ ಸರಬರ.

ಬೊಟ್ಟಿ ಬಂದು ಅವಳ ಸೀರೆಯ ಸೆರಗು ಎಳೆಯಿತು. "ಅವ್ವಾ, ಹಿಕ್ಕೆ ಬಿಡು, ಹಿಕ್ಕೆ ಇರಲಿ ಬಿಡು," ಎಂದಿತು.

"ನಿನಗೆ ನಾಚಿಕೆ ಬೇಡವೇನೆ?" ಎಂದು ಕ್ಯಾತಮ್ಮ ಅದರ ಹಿಂದೆಯೇ ಗುಡಿಸಿಕೊಂಡು ಹೋದಳು. ಸರಬರ ಸರಬರ.

ಜಾಲಿ ಆಗ ಬಯಲಿನ ನೆಲವನ್ನು ಕೇಳಿತು. "ನೆಲತಾಯಿ, ಈ ಹೆಂಗಸು ನನಗೆ ನೀರೆರೆದವಳು. ಇವಳಿಗೆ ನನ್ನ ಮಾತು ಮುಟ್ಟಬೇಕು. ಕಿವಿಯಲ್ಲಿ ಪೊರಕೆಯ ಸದ್ದು ತುಂಬಿದೆ. ಪಾದಕ್ಕೆ ಕೇಳಿಸುವಂಥ ಒಂದು ಮಾತು ನಿನ್ನಲ್ಲಿದ್ದರೆ ಕೊಡು."

ನೆಲ ಬಹಳ ಹೊತ್ತು ಯೋಚಿಸಿತು. ಆಮೇಲೆ ತನ್ನೊಳಗಿನ ಸುಣ್ಣಕಲ್ಲಿನ ಬಿಳುಪನ್ನು ಬೇರಿನ ಮೂಲಕ ಮೇಲಕ್ಕೆ ಕಳಿಸಿತು. ಜಾಲಿಯ ಗೆಣ್ಣುಗೆಣ್ಣಿನಲ್ಲೂ ಜೋಡಿ ಜೋಡಿ ಬಿಳಿಯ ಮುಳ್ಳು ಮೂಡಿತು.

ಹೀಗೇ ನಡೆಯಿತೆಂದು ಆಣೆಯಿಟ್ಟು ಹೇಳುವವರು ಯಾರೂ ಇಲ್ಲ. ಚಿಗುರನ್ನು ಮೇಕೆಯ ಬಾಯಿಂದ ಉಳಿಸಿಕೊಳ್ಳಲು ಮರ ತಾನೇ ಮುಳ್ಳು ಬೆಳೆಸಿಕೊಂಡಿತು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ಮರುದಿನ ಬೆಳಗ್ಗೆ ಕ್ಯಾತಮ್ಮನ ಹಿಮ್ಮಡಿಗೆ ಮುಳ್ಳು ನೆಟ್ಟದ್ದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ. ಅವಳು ಕೂಗಿದ್ದು ಹಟ್ಟಿಗೆಲ್ಲ ಕೇಳಿಸಿತ್ತು.

ಮುಳ್ಳನ್ನು ಓಬಕ್ಕ ತೆಗೆದಳು. ಅದರ ತುದಿ ಮುರಿದು ಒಳಗೇ ಉಳಿಯಿತು. ಕಾಲು ಬಾತು ಸೋರೆಕಾಯಿಯಾಯಿತು.

"ಸಾಕಿದ ಮರವೇ ಚುಚ್ಚಿತಲ್ಲೇ," ಎಂದಳು ಓಬಕ್ಕ, ಸೊಪ್ಪು ಅರೆದು ಕಟ್ಟುತ್ತ. "ಹೋಗಲಿ, ನಾನು ಮೆಟ್ಟು ಹಾಕಿಕೊಂಡು ಒಂದು ಸಲ ಗುಡಿಸಿ ಕೊಡಲೇ? ಬುಡದ ತುಂಬ ಮುಳ್ಳು ಉದುರಿದೆ, ಬರಿಗಾಲಿನಲ್ಲಿ ಆಗುವ ಕೆಲಸವಲ್ಲ."

"ಕುರಿ ಮಲಗುವ ನೆಲ. ಮೆಟ್ಟು ಹಾಕುವಂತಿಲ್ಲ," ಎಂದಳು ಕ್ಯಾತಮ್ಮ. "ನನ್ನ ಮಾನ ಹೋದರೂ ಹೋಗಲಿ, ಕಟ್ಟಳೆ ಇರಲಿ."

ಹೀಗೆ ಪೊರಕೆ ಮೂಲೆ ಸೇರಿತು. ಮುಂಗಾರು ಹಿಡಿಯಿತು. ಕ್ಯಾತಮ್ಮ ಬಾತ ಕಾಲನ್ನು ಚಾಚಿ ಗುಡಿಸಲಿನ ಬಾಗಿಲಲ್ಲಿ ಕೂತು, ಎಲೆಯ ಮೇಲೆ ಎಲೆ, ಹಿಕ್ಕೆಯ ಮೇಲೆ ಹಿಕ್ಕೆ, ಹೂವಿನ ಮೇಲೆ ಹೂವು ಬೀಳುವುದನ್ನು ನೋಡಿದಳು. ಹಾದಿಯಲ್ಲಿ ಹೋಗುವವರು ಅತ್ತ ನೋಡಿದರೆ ಅವಳು ಇತ್ತ ನೋಡುತ್ತಿದ್ದಳು. ತನ್ನ ಜನ್ಮದಲ್ಲೇ ಅಂಥ ಅಂಗಳವನ್ನು ಅವಳು ಕಂಡಿರಲಿಲ್ಲ, ಅದೂ ತನ್ನದೇ ಅಂಗಳ.

ಆದರೆ ಪೊರಕೆ ಸುಮ್ಮನಾದ ಮೇಲೆ ಬಯಲು ಎಷ್ಟು ಮಾತಾಡುತ್ತದೆಂದು ಅವಳಿಗೆ ತಿಳಿಯಿತು. ಇರುವೆಗಳು ಲೆಕ್ಕ ಹಾಕುವುದು ಕೇಳಿಸಿತು. ಮಳೆಹನಿ ಒಣಗಿದೆಲೆಯ ಮೇಲೆ ಬಿದ್ದು, ಓಡದೆ, ಮೆಲ್ಲಗೆ ಕೆಳಗಿಳಿಯುವುದು ಕೇಳಿಸಿತು. ಕೊನೆಗೆ ಜಾಲಿಯ ಧ್ವನಿಯೂ ಕೇಳಿಸಿತು.

"ಕಾಲು ಹೇಗಿದೆ?"

"ಚುಚ್ಚಿದವರೇ ಕೇಳಬೇಕೇ?" ಎಂದಳು ಕ್ಯಾತಮ್ಮ.

"ಬೇರೆ ದಾರಿ ಇರಲಿಲ್ಲ. ಒಂದು ಮಾತು ಕೇಳುತ್ತೇನೆ, ಕೋಪಿಸಿಕೊಳ್ಳಬೇಡ. ನಿನ್ನ ಮನೆಗೆ ನೆಂಟರು ಬಂದರು, ಎಲೆ ಹಾಸಿ ಬಡಿಸಿದೆ. ಅವರು ತುತ್ತು ಎತ್ತುವ ಮುಂಚೆ ಯಾರೋ ಬಂದು ಎಲೆಯನ್ನೇ ಎಳೆದು ಬೀದಿಗೆ ಬಿಸಾಡಿದರೆ ನಿನಗೆ ಹೇಗಾದೀತು?"

"ಅಂಥವರ ಕೈ ಮುರಿಯುತ್ತಿದ್ದೆ."

"ನಾನು ಕಾಲಿಗೆ ಚುಚ್ಚಿದೆ, ಅಷ್ಟೇ," ಎಂದಿತು ಜಾಲಿ.

ಕ್ಯಾತಮ್ಮ ಮೂಲೆಯ ಪೊರಕೆಯತ್ತ ನೋಡಿದಳು. ಆಮೇಲೆ, "ನಾನು ಗುಡಿಸಿದ್ದು ನಿನ್ನ ಅಡುಗೆಯೇ?" ಎಂದು ಕೇಳಿದಳು.

"ನನ್ನದು, ಬೊಟ್ಟಿಯದು, ಇಬ್ಬರದೂ. ನಾನು ಎಲೆ ಉದುರಿಸುತ್ತೇನೆ, ನೆರಳಿಗೆ ಬಂದವರು ಹಿಕ್ಕೆ ಬಿಡುತ್ತಾರೆ, ಇರುವೆ ಹುಳುಗಳು ಅದನ್ನು ಅರೆದು ಮಣ್ಣಿಗೆ ಕಲಸುತ್ತವೆ. ಗರಿಕೆ ಉಣ್ಣುತ್ತದೆ. ನನ್ನ ಬೇರು ಬಹಳ ಆಳಕ್ಕೆ ಹೋಗಿದೆ. ಹಳೆಯ ಮಳೆ ಎಲ್ಲಿ ಅಡಗಿ ಕೂತಿದೆಯೆಂದು ಅದಕ್ಕೆ ಗೊತ್ತು. ಅಲ್ಲಿಂದ ಸೇದಿದ ನೀರಿನಲ್ಲಿ ಸ್ವಲ್ಪ, ಹೊತ್ತು ಮುಳುಗಿದ ಮೇಲೆ, ಮೇಲಿನ ಮಣ್ಣಿಗೆ ಜಿನುಗುತ್ತದೆ. ನನ್ನ ಎಲೆ ಸಣ್ಣದು, ಬಿಸಿಲನ್ನು ಜರಡಿ ಹಿಡಿದು ಕೆಳಗೆ ಬಿಡುತ್ತದೆ. ಸುಳ್ಳು ಹೇಳುವುದಿಲ್ಲ, ಗರಿಕೆಯ ಬಿಸಿಲಿನಲ್ಲೂ ನೀರಿನಲ್ಲೂ ನಾನು ಪಾಲು ತೆಗೆದುಕೊಳ್ಳುತ್ತೇನೆ. ಆದರೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಕೊಡಬಲ್ಲೆ, ಕೊಟ್ಟದ್ದನ್ನು ಯಾರೂ ಬುಟ್ಟಿಗೆ ತುಂಬದಿದ್ದರೆ."

ಕ್ಯಾತಮ್ಮ ಯಾರ ಮಾತನ್ನೂ, ಮರದ ಮಾತನ್ನು ಕೂಡ, ಹಾಗೆಯೇ ನಂಬುವವಳಲ್ಲ. ಒಳಗೆ ಉಳಿದಿದ್ದ ಮುಳ್ಳಿನ ತುದಿ ಕೊನೆಗೂ ಹೊರಬಿದ್ದು ಕಾಲು ಊರಲು ಬಂದ ದಿನ, ಮುಳ್ಳುಗಳ ನಡುವೆ ಜಾಗ ಹುಡುಕುತ್ತ, ಮಕ್ಕಳು ಅಂಬೆಗಾಲಿಡುವಂತೆ ಅವಳು ಮರದ ಬುಡಕ್ಕೆ ಹೋದಳು. ಮಳೆ ನಿಂತು, ಚಳಿ ಕಳೆದು, ಆಗ ಬಿಸಿಲು ಏರತೊಡಗಿತ್ತು. ಮೊದಲು ನೆರಳಿನ ಹೊರಗೆ ಬಯಲಿನ ಮಣ್ಣು ಮುಟ್ಟಿದಳು. ಹೆಂಚಿನಂತೆ ಕಾದಿತ್ತು, ಉಗುರು ಇಳಿಯಲಿಲ್ಲ. ಆಮೇಲೆ ನೆರಳಿನ ಒಳಗೆ ಒಣಗಿದೆಲೆ ಸರಿಸಿ ಕೈ ಹಾಕಿದಳು. ಬೆರಳುಗಳು ರಾಗಿಹಿಟ್ಟಿಗೆ ಇಳಿದಂತೆ ಇಳಿದವು. ಮಣ್ಣು ಕಪ್ಪಗಿತ್ತು, ಪುಡಿಪುಡಿಯಾಗಿತ್ತು, ನೆಲಮಾಳಿಗೆಯಂತೆ ತಂಪಾಗಿತ್ತು. ಮೂಗಿಗೆ ಹಿಡಿದಳು. ಮೊದಲ ಮಳೆಯ ವಾಸನೆ.

ಬೆರಳಿಗೆ ಎಳೆಯದೊಂದು ದಾರ ಸಿಕ್ಕಿತು.

"ಮೆಲ್ಲಗೆ," ಎಂದಿತು ಗರಿಕೆ. "ಅದು ನನ್ನ ಬೇರು."

"ನೀನು ಸತ್ತಿರಲಿಲ್ಲವೇ?"

"ಗರಿಕೆ ಅಷ್ಟು ಸುಲಭಕ್ಕೆ ಸಾಯುತ್ತದೆಯೇ? ನಿನ್ನ ಪೊರಕೆಗೆ ಹೆದರಿ ಮಲಗಿದ್ದೆ."

ಬೇಸಿಗೆ ಬಲಿಯಿತು. ಬಯಲಿನ ಹುಲ್ಲು ಬಿಳಿಚಿ, ಮುರಿದು, ಪುಡಿಯಾಗಿ ಗಾಳಿಯ ಪಾಲಾಯಿತು. ಕುರಿಗಳು ಮತ್ತೆ ದೂರ ದೂರ ನಡೆಯಬೇಕಾಯಿತು. ಕೊನೆಗೊಂದು ಮಧ್ಯಾಹ್ನ ಬಯಲಿನ ಅಂಚಿನಲ್ಲಿ ಅಂಗೈಯಗಲದ ಮೋಡ ಕಂಡಿತು. ಸಿರಿಯಣ್ಣ ಕೊಡಲಿ ಮಸೆಯುವ ಸದ್ದು ಹಟ್ಟಿಗೆಲ್ಲ ಕೇಳಿಸಿತು.

ಓಬಕ್ಕ ಓಡಿಬಂದಳು. "ಹಿರಿಯರು ಹೊರಟರು ಕಣೆ. ಈ ಕಸದ ನಡುವೆ ಅವರನ್ನು ನಿಲ್ಲಿಸುತ್ತೀಯಾ? ನಿನ್ನ ಅಂಗಳ ನೋಡಿದರೆ ಹಟ್ಟಿಯೆಲ್ಲ ಉಗಿಯುತ್ತದೆ. ಕಾಲು ವಾಸಿಯಾಗಿದೆಯಲ್ಲ, ತೆಗೆದುಕೋ," ಎಂದು ಪೊರಕೆಯನ್ನು ಅವಳ ಕೈಗೆ ತುರುಕಿದಳು.

ಹಿರಿಯರು ಬರುವಾಗ ಅಂಗಳ ಗುಡಿಸಿ ನೀರು ಚಿಮುಕಿಸದ ಹೆಂಗಸು ಆ ಹಟ್ಟಿಯಲ್ಲಿ ಅದುವರೆಗೆ ಇರಲಿಲ್ಲ. ಕ್ಯಾತಮ್ಮನ ಕೈ ಹಳೆಯ ರೂಢಿಯಂತೆ ಪೊರಕೆಯನ್ನು ಬಿಗಿಯಾಗಿ ಹಿಡಿಯಿತು. ಅವಳು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಪೊರಕೆಯನ್ನು ಗುಡಿಸಲಿನ ಸೂರಿಗೆ ಸಿಕ್ಕಿಸಿ, ಸೆರಗು ಸರಿಪಡಿಸಿಕೊಂಡು, ತಲೆಯೆತ್ತಿ ಮರದ ಪಕ್ಕದಲ್ಲಿ ನಿಂತಳು.

ಸಿರಿಯಣ್ಣ ಮೆಟ್ಟು ಬಿಟ್ಟು ಒಳಗೆ ಬಂದ. ಮುಳ್ಳುಗಳ ನಡುವೆ ಒಂದೊಂದೇ ಹೆಜ್ಜೆಯಿಡುತ್ತ, ಕೊಡಲಿ ಹೊತ್ತ ಹಿರಿಯ ಕೆರೆಯ ಕೊಕ್ಕರೆಯಂತೆ ನಡೆದ. ಹಿಂದೆ ಬಂದವರಿಗೆ ನಗು ಬಂದರೂ ನಗಲಿಲ್ಲ.

"ನಿನ್ನ ಕಾಲು ಇನ್ನೂ ವಾಸಿಯಾಗಿಲ್ಲವೇ, ಕ್ಯಾತಮ್ಮ?"

"ವಾಸಿಯಾಗಿದೆ."

"ಮತ್ತೆ ಈ ಕಸ?"

"ಇದು ಕಸವಲ್ಲ," ಎಂದಳು ಕ್ಯಾತಮ್ಮ. "ಗುಡಿಸಲಾಗದೆ ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಕೆಳಗೆ ನೋಡಿ."

ಆಗ ಸಿರಿಯಣ್ಣ ಕಾಲಿನ ಮುಳ್ಳಿನಿಂದ ಕಣ್ಣು ತೆಗೆದು ನೆಲವನ್ನು ನೋಡಿದ. ಮರದ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಒಣಗಿದೆಲೆಯ ಸಂದುಸಂದಿನಿಂದ ಗರಿಕೆ ತಲೆಯೆತ್ತಿತ್ತು. ಸುಟ್ಟ ಬಯಲಿನ ನಡುವೆ ದುಂಡಗಿನ ಹಸಿರು ಕಂಬಳಿ ಹಾಸಿದ ಹಾಗೆ. ಅದರ ಅಂಚಿನಲ್ಲಿ ಬೊಟ್ಟಿ ನಿಂತಿತ್ತು. ಬೊಟ್ಟಿಯ ಹೊಟ್ಟೆಯ ಕೆಳಗೆ ಆ ವರ್ಷದ ಮರಿ ಹಾಲು ಕುಡಿಯುತ್ತ ಬಾಲ ಕುಣಿಸುತ್ತಿತ್ತು.

ಸಿರಿಯಣ್ಣ ಮಂಡಿಯೂರಿ ಮಣ್ಣಿಗೆ ಕೈ ಹಾಕಿದ. ಮುಂಗೈಯವರೆಗೂ ಇಳಿಯಿತು. ಅವನು ಆ ಕೈಯನ್ನು ಬೇಗ ಹೊರಗೆ ತೆಗೆಯಲಿಲ್ಲ.

"ತಂಪಾಗಿದೆ," ಎಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ತಂಪಾಗಿದೆ," ಎಂದ.

ಎದ್ದಾಗ ಅವನು ಕೊಡಲಿಯನ್ನು ನೆಲದಲ್ಲೇ ಮರೆತ. ಓಬಕ್ಕನ ಗಂಡ ಅದನ್ನು ಎತ್ತಿಕೊಂಡ. ಅವನು ಕೆಲಸ ಮಾಡಿದ್ದನ್ನು ಹಟ್ಟಿ ನೋಡಿದ್ದು ಅಂದೇ.

"ಹಾಗಾದರೆ ಬಯಲ ತುಂಬ ಇದನ್ನೇ ಬೆಳೆಸೋಣ," ಎಂದ ಸಿರಿಯಣ್ಣ. "ಹೊಳೆಯ ದಂಡೆಯ ಹಾಗೆ, ಒತ್ತೊತ್ತಾಗಿ."

"ಬೇಡ," ಎಂದಿತು ಜಾಲಿ. ಈ ಸಲ ಅದರ ಮಾತು ಎಲ್ಲರಿಗೂ ಕೇಳಿಸಿತು, ಏಕೆಂದರೆ ಎಲ್ಲರೂ ಸುಮ್ಮನಿದ್ದರು. "ಒಬ್ಬಳ ಮೇಲೊಬ್ಬಳು ಬಿದ್ದು ನಿಂತರೆ ಜರಡಿಯ ಮೇಲೆ ಜರಡಿಯಿಟ್ಟ ಹಾಗೆ. ಗರಿಕೆಗೆ ಬಿಸಿಲು ಸಿಗುವುದಿಲ್ಲ. ನೆಲದೊಳಗೆ ಬೇರು ಬೇರನ್ನು ತಳ್ಳಿ, ಇರುವ ನೀರು ನಮಗೇ ಸಾಲುವುದಿಲ್ಲ. ನನಗೆ ಒಂದು ಮಂದೆ ಆರಾಮವಾಗಿ ಮೇಯುವಷ್ಟು ಬಯಲು ಬಿಡಿ. ನನ್ನ ತಂಗಿ ನನ್ನ ಕಣ್ಣಿಗೆ ಕಾಣಲಿ, ಕೈಗೆ ತಾಗದಿರಲಿ. ಅವಳ ಅಂಗಳ ಅವಳಿಗೆ, ನನ್ನ ಅಂಗಳ ನನಗೆ."

"ಇದು ಮಾತ್ರ ನನ್ನದೇ ಮರ," ಎಂದಳು ಕ್ಯಾತಮ್ಮ. ಯಾರೂ ಅಲ್ಲವೆನ್ನಲಿಲ್ಲ.

ಆ ವರ್ಷದ ಕಾಯಿಗಳನ್ನು ಅವಳು ಗುಡಿಸಲಿಲ್ಲ. ಕುರಿಗಳು ತಿಂದವು, ಬಯಲಿನಲ್ಲಿ ಚದುರಿದವು, ಎಲ್ಲಿ ಮಲಗಿದವೋ ಅಲ್ಲಿ ಬೀಜ ಬಿಟ್ಟವು. ಒಂದು ಇಲ್ಲಿ, ಒಂದು ಅಲ್ಲಿ, ಒಂದು ದೂರದ ದಿಬ್ಬದ ಮೇಲೆ. ಅವು ಬೆಳೆದು ಮರವಾದಂತೆಲ್ಲ ಬೇಸಿಗೆಯ ಕೊನೆಯಲ್ಲಿ ಮರಿ ಹೂಳುವ ಕೆಲಸ ಆ ಹಟ್ಟಿಯವರಿಗೆ ಕಡಿಮೆಯಾಯಿತು. ಕ್ಯಾತಮ್ಮ ತನ್ನ ಗುಡಿಸಲಿನ ಒಳಗನ್ನು ಎಂದಿನಂತೆ ಚೊಕ್ಕಟವಾಗಿ ಗುಡಿಸಿದಳು. ಮರದ ಬುಡ ಬಂದಾಗ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಸುತ್ತು ಹಾಕಿ ಹೋದಳು. ಹಾದಿಯವರು ಯಾರಾದರೂ ನಿಂತು ನೋಡಿದರೆ, "ಕೈ ಹಾಕಿ ನೋಡಿ, ಕೈ ಹಾಕಿ ನೋಡಿ," ಎನ್ನುತ್ತಿದ್ದಳು.

ಈ ಕಥೆಯಲ್ಲಿ ಎಷ್ಟು ನಿಜ, ಎಷ್ಟು ಸೇರಿಸಿದ್ದು ಎಂದು ಕೇಳಿದರೆ, ಕ್ಯಾತಮ್ಮ ಹೇಳುತ್ತಿದ್ದುದೇ ಅದಕ್ಕೂ ಉತ್ತರ. ಸುಡುಬೇಸಿಗೆಯಲ್ಲಿ ಬಯಲಿಗೆ ಹೋದಾಗ ಹುಷಾರಾಗಿ ಕಾಲಿಟ್ಟು, ಒಣಗಿದೆಲೆ ಸರಿಸಿ, ಮಣ್ಣಿಗೆ ಕೈ ಹಾಕಿ ನೋಡಿ: ಒಂದಕ್ಕೊಂದು ತಾಗದೆ ದೂರ ದೂರ ನಿಂತ ಜಾಲಿಮರಗಳು ಪ್ರತಿಯೊಂದೂ ತನ್ನ ಬುಡದಲ್ಲೊಂದು ತಂಪಾದ ಕರಿಮಣ್ಣಿನ ಅಂಗಳವನ್ನೂ ಅದರ ಮೇಲೊಂದು ಹಸಿರು ಕಂಬಳಿಯನ್ನೂ ಇಟ್ಟುಕೊಂಡು, ಯಾವ ಪೊರಕೆಯೂ ಹತ್ತಿರ ಸುಳಿಯದಂತೆ ಬಿಳಿಮುಳ್ಳು ಹಿಡಿದು, ಇಂದಿಗೂ ಹೆಮ್ಮೆಯಿಂದ ಕಾಯುತ್ತಿರುವುದು ಅಂದಿನಿಂದಲೇ.